ಉದರದರ್ಶನ ಮಾಡುವ ತಾಲೂಕಿನ ವೈದ್ಯನೂ ಅವನ ಬೆಂಬಲವೂ

(ಶ್ರೀಮಠದ ಸುವರ್ಣಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಓದಿದ ಭಾಷಣ)

ಆಮಂತ್ರಣಪತ್ರಿಕೆಯಲ್ಲಿ ನನ್ನ ಭಾಷಣದ ವಿಷಯವು “ಜೀರ್ಣಾಂಗಗಳ ಆರೋಗ್ಯ”ವೆಂದು ಅಚ್ಚಾಗಿರುವದು. ಖಾರ ಕಡಿಮೆ ಮಾಡಿರಿ, ಹೊತ್ತಿಗೆ ಸರಿಯಾಗಿ ಉಣ್ಣಿರಿ, ತಂಬಾಕನ್ನು ಬಿಡಿರಿ ಎಂದು ಹೇಳಿ ಇಳಿದುಹೋದರೆ ತಾವು ಯಾರೂ ಬೇಸರಪಡಲಾರಿರಿ. ಆ ಮಾತುಗಳನ್ನು ತಾವು ಮೊದಲೇ ಬಲ್ಲಿರಿ. ಪಾಲಿಸುವದೊಂದು ಮಾತ್ರ ಉಳಿದಿರುವದು. ಆದಕಾರಣ ಆ ವಿಷಯದ ಒಂದು ಮೂಲೆಯನ್ನಷ್ಟೇ ಹಿಡಿದು ಮಾತನಾಡಬೇಕೆಂದಿರುವೆನು. ತಾಲೂಕಿನ ಊರಿನಲ್ಲಿ ಕುಳಿತು, ರೋಗಿಯ ಬಾಯಿಯಿಂದ ಜಠರದವರೆಗೆ ನಳಿಕೆಯನ್ನಿಳಿಸಿ ನೋಡುವ ಸಾಮಾನ್ಯ ವೈದ್ಯನೊಬ್ಬನಿದ್ದರೆ ಅವನಿಗೆ ಯಾರ ಬೆಂಬಲ ಬೇಕು, ಅದು ಏಕೆ ಬೇಕು ಎಂಬದೇ ಆ ಮೂಲೆ. ನಾನು ಅಂಥ ವೈದ್ಯರಲ್ಲಿ ಒಬ್ಬನಾಗಿದ್ದುದರಿಂದ ಈ ಮಾತಿನಲ್ಲಿ ನನ್ನ ಸ್ವಾನುಭವವೂ ಬೆರೆತಿರುವದು. ಅದನ್ನು ತಾವು ಕ್ಷಮಿಸಬೇಕು.

ಈ ಪರೀಕ್ಷೆಗೆ ಎಂಡೋಸ್ಕೋಪಿಯೆಂದು ಹೆಸರು. ನಮ್ಮ ಜನರು “ಪೈಪು ಬಿಟ್ಟು ನೋಡೋದು” ಎನ್ನುವರು. ಹಿರಿಯರು ಕೆಲವರು “ದುರ್ಬೀನು ಹಾಕೋದು” ಎನ್ನುವರು. ಕಿರುಬೆರಳಿನಷ್ಟು ದಪ್ಪವಾದ, ಒಂದು ಮೀಟರಿನಷ್ಟು ಉದ್ದವಾದ, ಬೇಕಾದ ಕಡೆಗೆ ಬಾಗುವ ಒಂದು ನಳಿಕೆ. ಅದರ ತುದಿಯಲ್ಲಿ ಒಂದು ದೀಪ, ಒಂದು ಸಣ್ಣ ಕ್ಯಾಮೆರಾ. ರೋಗಿಯು ಆರು ತಾಸು ಏನನ್ನೂ ತಿನ್ನದೆ ಬರಬೇಕು. ಗಂಟಲಿಗೆ ಜೋಮು ಹಿಡಿಸುವ ಔಷಧವನ್ನು ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಒಂದು ಬಳೆಯನ್ನಿಟ್ಟು ನಳಿಕೆಯನ್ನು ಮೆಲ್ಲನೆ ಇಳಿಸುವರು. ಅನ್ನನಾಳ, ಜಠರ, ಸಣ್ಣಕರುಳಿನ ಮೊದಲ ಭಾಗ, ಇಷ್ಟನ್ನು ಹತ್ತು ನಿಮಿಷಗಳೊಳಗಾಗಿ ಕಣ್ಣಾರೆ ಕಾಣಬಹುದು. ಸಂಶಯ ಬಂದ ಕಡೆಯಿಂದ ಎಳ್ಳುಕಾಳಿನಷ್ಟು ಮಾಂಸದ ಚೂರನ್ನು ಚಿವುಟಿ ತೆಗೆಯಲೂಬಹುದು. ೧೮೬೮ರಲ್ಲಿ ಜರ್ಮನಿಯ ಕುಸ್ಮೌಲನೆಂಬ ಪಂಡಿತನು ಮೊದಲ ಬಾರಿಗೆ ಜೀವಂತ ಮನುಷ್ಯನ ಜಠರವನ್ನು ನೋಡಲೆಳಸಿದಾಗ ಆತನಿಗೆ ಸಿಕ್ಕ ಧೈರ್ಯವಂತನು ಕತ್ತಿಯನ್ನು ನುಂಗಿ ತೋರಿಸುವ ಒಬ್ಬ ಆಟಗಾರನು. ಆಗಿನ ನಳಿಕೆಯು ಬಾಗದ ಲೋಹದ್ದು. ಮತ್ತಾರ ಗಂಟಲಲ್ಲಿ ಅದು ಇಳಿಯಬೇಕು? ೧೯೫೭ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿದ್ದ ಹಿರ್ಷೊವಿಟ್ಸನು ಗಾಜಿನ ಎಳೆಗಳಿಂದ ಬಾಗುವ ನಳಿಕೆಯನ್ನು ಮಾಡಿ ಮೊದಲು ತನ್ನ ಗಂಟಲಲ್ಲಿಯೇ ಇಳಿಸಿಕೊಂಡನು. ಈ ವಿದ್ಯೆಯ ಕಥೆಯಲ್ಲಿ ಇಂಥ ಸಾಹಸಿಗಳು ಬಹಳ. ನನ್ನ ಮಾತು ಸಾಹಸಿಗಳದಲ್ಲ, ಅಂಜುವವರದು.

ಇಷ್ಟೊಂದು ದೂರದ ಯಂತ್ರವು ನಮ್ಮ ತಾಲೂಕಿಗೆ ಏಕೆ ಬೇಕು? ರೊಟ್ಟಿಯಿಂದ ಪ್ರಾರಂಭಿಸುವೆನು. ನಮ್ಮ ಬೆದ್ದಲು ಸೀಮೆಯ ರೈತನಿಗೆ ಅನ್ನನಾಳದಲ್ಲಿ ಗಂಟು ಹುಟ್ಟಿದರೆ ಅದರ ಮೊದಲ ಸುದ್ದಿಯನ್ನು ಹೇಳುವದು ಜೋಳದ ರೊಟ್ಟಿ. “ರೊಟ್ಟಿ ಎದಿಯಾಗ ನಿಂದರತೈತ್ರಿ ಸಾಹೇಬ್ರ, ನೀರು ಕುಡದ್ರ ಇಳಿತೈತಿ” ಎಂದು ಹೇಳಿಕೊಂಡು ಬರುವನು. ಒಂದು ತಿಂಗಳು ರೊಟ್ಟಿಯನ್ನು ಹಾಲಿನಲ್ಲಿ ನೆನಸಿ ತಿನ್ನುವನು, ಮುಂದೆ ಅನ್ನಕ್ಕೆ ಇಳಿಯುವನು, ಆ ಮೇಲೆ ಗಂಜಿಗೆ. ಗಂಜಿಯೂ ನಿಲ್ಲುವ ಹೊತ್ತಿಗೆ ಅವನ ಅಂಗಿಯು ಹೆಗಲಿನಿಂದ ಜೋತುಬಿದ್ದಿರುವದು. ಗಂಗಾವತಿಯ ಕಾಲುವೆಯ ಸೀಮೆಯಲ್ಲಿ ಮೂರು ಹೊತ್ತೂ ಮೆತ್ತಗಿನ ಅನ್ನವನ್ನುಣ್ಣುವವರಿಗೆ ಈ ಮುನ್ಸೂಚನೆಯು ಇನ್ನೂ ತಡವಾಗಿ ಬರುವದೆಂದು ನನಗೆ ಎಷ್ಟೋ ಸಾರೆ ಅನಿಸಿರುವದು. ಅದು ಲೆಕ್ಕ ಹಾಕಿ ಹೇಳಿದ ಮಾತಲ್ಲ, ಕಣ್ಣಂದಾಜು. ರೊಟ್ಟಿ ನಿಂತ ಮೊದಲ ತಿಂಗಳಲ್ಲಿಯೇ ನಳಿಕೆಯಿಂದ ನೋಡಿದ್ದರೆ ಕೊಯ್ದು ತೆಗೆಯಬಹುದಾಗಿದ್ದ ಗಂಟು, ಗಂಜಿ ನಿಂತ ತಿಂಗಳಲ್ಲಿ ನೋಡಿದಾಗ ಬರಿಯ ಹೆಸರು ಹೇಳಿ ಕಳಿಸುವಂಥದಾಗಿರುವದು. ತಂಬಾಕು, ಮದ್ಯ, ಸುಡುಸುಡುವ ಪಾನ, ಇವು ಈ ರೋಗದ ಒಡನಾಡಿಗಳು.

ಎರಡನೆಯದು ನೋವಿನ ಗುಳಿಗೆ. ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡಿನ ಅಂಶವು ಹೆಚ್ಚಾಗಿರುವದು ತಮಗೆಲ್ಲ ಗೊತ್ತು, ಲೀಟರಿಗೆ ೧.೫ ಮಿಲಿಗ್ರಾಮು ದಾಟಬಾರದೆಂದು ಸರಕಾರದ ಮಿತಿ. ಆ ನೀರನ್ನು ಕುಡಿದವರ ಹಲ್ಲು ಕಂದುವದು ಎಲ್ಲರಿಗೂ ಕಾಣುವದು. ಮಂಡಿ, ಸೊಂಟ, ಬೆನ್ನು ಬಿಗಿದು ನೋಯುವದು ಅವರಿಗೆ ಮಾತ್ರ ಗೊತ್ತು. ನೋವು ತಾಳಲಾರದೆ ಕಿರಾಣಿ ಅಂಗಡಿಯಿಂದಲೂ ಔಷಧದ ಅಂಗಡಿಯಿಂದಲೂ ದಿನಕ್ಕೊಂದು ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ನುಂಗಿ ಹೊಲಕ್ಕೆ ಹೋಗುವರು. ಈ ಗುಳಿಗೆಗಳೇ ಜಠರದಲ್ಲಿ ಹುಣ್ಣು ಮಾಡುವವು. ಹುಣ್ಣು ನೆತ್ತರು ಸುರಿಸುವದು. ಮಲವು ಡಾಂಬರಿನಂತೆ ಕರ್ರಗಾಗುವದು. ಫ್ಲೋರೈಡು ತಾನೇ ಜಠರದ ಒಳಪದರನ್ನು ಕೆಡಿಸುವದೆಂಬದನ್ನು ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಲ್ಲಿ ಸುಶೀಲಾ ಅವರು ಮತ್ತು ಅವರ ಸಂಗಡಿಗರು ೧೯೯೦ರ ದಶಕದಲ್ಲಿ ಇದೇ ಎಂಡೋಸ್ಕೋಪಿಯಿಂದ ನೋಡಿ ಬರೆದಿರುವರು. ನಮ್ಮ ನೀರಿನ ಕಥೆಯು ನಮ್ಮ ಹೊಟ್ಟೆಯ ಕಥೆಯೂ ಆಗಿರುವದು. (ಕಬ್ಬಿಣದ ಅಂಶದ ಗುಳಿಗೆ ತಿನ್ನುವ ಬಸುರಿಯರ ಮಲವೂ ಕರ್ರಗಿರುವದು; ಅದಕ್ಕೆ ಅಂಜಬೇಕಾಗಿಲ್ಲ. ಇದನ್ನು ಹೇಳದೆ ಬಿಟ್ಟರೆ ನಾಳೆ ಎಷ್ಟೋ ಸೊಸೆಯಂದಿರು ಹೆದರಿ ಓಡಿಬಂದಾರು.)

ಇನ್ನು ಕುಡಿತದಿಂದ ಯಕೃತ್ತು ಬತ್ತಿ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದು, ಬೋಗುಣಿ ತುಂಬ ನೆತ್ತರು ಕಾರುವವರ ವಿಷಯ. ಅಂಥ ರಾತ್ರಿಯಲ್ಲಿ ಹುಬ್ಬಳ್ಳಿಯು ಬಹಳ ದೂರ. ಕುಷ್ಟಗಿಯಿಂದಲಾಗಲಿ ಕೊಪ್ಪಳದಿಂದಲಾಗಲಿ ಅದು ನೂರು ಕಿಲೋಮೀಟರು ಮೀರಿದ ದಾರಿ. ನಳಿಕೆಯನ್ನು ಬಲ್ಲ ವೈದ್ಯನು ಹತ್ತಿರದಲ್ಲಿದ್ದರೆ ಉಬ್ಬಿದ ನಾಳಕ್ಕೆ ರಬ್ಬರಿನ ಉಂಗುರವನ್ನು ತೊಡಿಸಿ ನೆತ್ತರನ್ನು ನಿಲ್ಲಿಸಬಹುದು. ಆದರೆ ಇದು ಹೊಸದಾಗಿ ಕಲಿತವನ ಕೆಲಸವಲ್ಲವೆಂದು ಈಗಲೇ ಸ್ಪಷ್ಟಪಡಿಸುವೆನು.

ನಮ್ಮದು ೧೯೯೭ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ. ೨೦೧೫ರಲ್ಲಿ ಕೊಪ್ಪಳಕ್ಕೆ ಸರಕಾರದ ವೈದ್ಯಕೀಯ ಮಹಾವಿದ್ಯಾಲಯ ಬಂದಿತು. ಅದಕ್ಕೆ ಮೊದಲು ಹುಬ್ಬಳ್ಳಿ, ಬಳ್ಳಾರಿ, ರಾಯಚೂರುಗಳೇ ನಮ್ಮ ದೊಡ್ಡ ದವಾಖಾನೆಗಳು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ೧೯೭೩ರಿಂದ ಕ್ಯಾನ್ಸರಿನವರ ಕೊನೆಯ ಯಾತ್ರೆ. ರೋಗಿಗೆ “ಹೋಗಿ ಪೈಪು ಹಾಕಿಸಿಕೊಂಡು ಬಾ” ಎಂದು ಚೀಟಿ ಬರೆದುಕೊಡುವದು ವೈದ್ಯನಿಗೆ ಅರ್ಧ ನಿಮಿಷದ ಕೆಲಸ. ರೋಗಿಗೆ ಅದು ಎರಡು ದಿನಗಳ ಕೂಲಿ, ಜೊತೆಗೆ ಬರುವ ಮಗನ ಎರಡು ದಿನಗಳ ಕೂಲಿ, ಬಸ್ಸಿನ ಖರ್ಚು, ಪರಊರಿನ ಅಂಜಿಕೆ. ಆ ಚೀಟಿಯು ಮಾಡದ ಗೂಡಿನಲ್ಲಿ ದೇವರ ಪಟದ ಹಿಂದೆ ಉಳಿಯುವದು. ಕಡಲೆ ಕಿತ್ತಾದ ಮೇಲೆ ಹೋದರಾಯಿತು, ಜಾತ್ರೆಯಾದ ಮೇಲೆ ಹೋದರಾಯಿತು. ರೊಟ್ಟಿಯಿಂದ ಗಂಜಿಗೆ ಇಳಿಯುವದು ಈ ನಡುವಿನ ಕಾಲದಲ್ಲಿಯೇ.

ಹಾಗಾದರೆ ಮೊದಲು ರೋಗಿಯನ್ನು ನೋಡುವ ವೈದ್ಯನೇ ಈ ಪರೀಕ್ಷೆಯನ್ನು ಕಲಿತು ಮಾಡಬಾರದೇಕೆ? ಇದಕ್ಕೆ ತಜ್ಞರಲ್ಲಿ ಬಲವಾದ ಆಕ್ಷೇಪಣೆಯುಂಟು; ಅದು ಹಗುರವಾಗಿ ತಳ್ಳಿಹಾಕುವಂಥದಲ್ಲ. ಅರೆಬರೆ ಕಲಿತವನ ಕೈಯಲ್ಲಿ ನಳಿಕೆಯನ್ನು ಕೊಟ್ಟರೆ ಅವನು ಕಾಣಬೇಕಾದುದನ್ನು ಕಾಣದೆ “ಏನೂ ಇಲ್ಲ” ಎಂದುಬಿಡುವನು. ಆ ಸುಳ್ಳು ಧೈರ್ಯವು ಪರೀಕ್ಷೆ ಮಾಡದಿರುವದಕ್ಕಿಂತಲೂ ಕೇಡು. ಮಾತು ನಿಜ. ಆದರೆ ಅಮೆರಿಕದಲ್ಲಿ ಕುಟುಂಬವೈದ್ಯರು ಈ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿರುವರು; ಅವರ ಎಂಡೋಸ್ಕೋಪಿಗೆಂದೇ ಅಲ್ಲಿ ಒಂದು ಸಂಘವೂ ಇರುವದು. ೨೦೦೯ರಲ್ಲಿ ಅಲ್ಲಿಯ ಕುಟುಂಬವೈದ್ಯರ ಒಂದು ಪತ್ರಿಕೆಯಲ್ಲಿ ೧೨ ಅಧ್ಯಯನಗಳನ್ನು ಒಟ್ಟುಗೂಡಿಸಿ, ೧೮ ಸಾವಿರಕ್ಕೂ ಮೇಲ್ಪಟ್ಟ ಜನರ ದೊಡ್ಡಕರುಳಿನ ಪರೀಕ್ಷೆಗಳ ಲೆಕ್ಕವನ್ನು ಪ್ರಕಟಿಸಿದರು. ಸಾಮಾನ್ಯ ವೈದ್ಯರು ನೂರಕ್ಕೆ ೮೯ ಸಾರೆ ಕರುಳಿನ ಕೊನೆಯವರೆಗೆ ತಲುಪಿದ್ದರು. ದೊಡ್ಡ ಅಪಾಯಗಳು ಹತ್ತುಸಾವಿರಕ್ಕೆ ನಾಲ್ಕರಷ್ಟು. ದೊಡ್ಡಕರುಳಿನ ಪರೀಕ್ಷೆಯು ಜಠರದ ಪರೀಕ್ಷೆಗಿಂತ ಕಠಿಣವಾದುದು. ಅದನ್ನು ನಮ್ಮ ತಾಲೂಕುಗಳಲ್ಲಿ ಮೊದಲು ಮಾಡಿರೆಂದು ನಾನು ಹೇಳುತ್ತಿಲ್ಲ. ಮನುಷ್ಯನ ಕೈಗೆ ಪದವಿಯೊಂದೇ ಕಣ್ಣು ಕೊಡುವದಿಲ್ಲವೆಂಬಷ್ಟು ಮಾತ್ರ ಇದರಿಂದ ತಿಳಿಯುವದು. ಕಣ್ಣು ಎಲ್ಲಿಂದ ಬರುವದೆಂಬದನ್ನು ನನ್ನ ಒಂದು ತಪ್ಪಿನಿಂದ ಹೇಳಬೇಕಾಗಿರುವದು.

ನಾನು ದೊಡ್ಡ ಊರೊಂದರಲ್ಲಿ ಕೆಲವು ತಿಂಗಳು ಗುರುಗಳ ಕೈಕೆಳಗೆ ಈ ವಿದ್ಯೆಯನ್ನು ಕಲಿತು, ಸಾಲ ಮಾಡಿ ಒಂದು ಹಳೆಯ ನಳಿಕೆಯನ್ನು ಕೊಂಡು ಊರಿಗೆ ಬಂದೆನು. ಸುತ್ತಲಿನ ಹಳ್ಳಿಗಳಲ್ಲಿ ಹೆಸರಾಯಿತು. ಒಂದು ದಿನ ಐವತ್ತರ ಸುಮಾರಿನ ಒಬ್ಬ ಕೃಷಿಕೂಲಿಯನ್ನು ನೋಡಿದೆನು. ಜಠರದಲ್ಲಿ ಒಂದು ಹುಣ್ಣು. ಅಂಚು ನುಣುಪು, ತಳ ಬಿಳುಪು. ನೋವಿನ ಗುಳಿಗೆಯ ಹುಣ್ಣೆಂದು ನನ್ನ ಮನಸ್ಸು ತಟ್ಟನೆ ನಿರ್ಧರಿಸಿತು. ಜಠರದ ಹುಣ್ಣನ್ನು ಕಂಡರೆ ಅಂಚಿನಿಂದ ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳಿಸಲೇಬೇಕು, ಆರರಿಂದ ಎಂಟು ವಾರಗಳ ಮೇಲೆ ಮತ್ತೆ ನೋಡಲೇಬೇಕು; ಇದು ನನ್ನ ಗುರುಗಳು ನೂರು ಸಾರೆ ಹೇಳಿದ ಮಾತು. ಆದರೆ ಚೂರನ್ನು ತೆಗೆದರೆ ಕಳಿಸುವದೆಲ್ಲಿಗೆ? ಸೀಸೆಯನ್ನು ಬಸ್ಸಿನಲ್ಲಿ ಯಾರ ಕೈಯಲ್ಲಿ ಕೊಡಬೇಕು? ವರದಿಯ ಹಣವನ್ನು ಆ ಬಡವನಿಂದ ಹೇಗೆ ಕೇಳಬೇಕು? ಹೀಗೆ ಸಬೂಬುಗಳನ್ನು ನಾನೇ ನನಗೆ ಹೇಳಿಕೊಂಡು ಆಮ್ಲ ಇಳಿಸುವ ಗುಳಿಗೆ ಕೊಟ್ಟು ಕಳಿಸಿದೆನು. ಅವನಿಗೆ ಗುಣವೆನಿಸಿತು. ಮರಳಿ ಬರಲಿಲ್ಲ, ನಾನೂ ಕರೆಸಲಿಲ್ಲ. ಏಳು ತಿಂಗಳ ಮೇಲೆ ಅವನ ಹೆಂಡತಿಯು ಬೇರೆ ಊರಿನ ಕಾಗದಗಳನ್ನು ಹಿಡಿದುಕೊಂಡು ಬಂದಳು. ಅದು ಹುಣ್ಣಾಗಿರಲಿಲ್ಲ, ಕ್ಯಾನ್ಸರು. ಕ್ಯಾನ್ಸರಿನ ಹುಣ್ಣೂ ಆಮ್ಲ ಇಳಿಸುವ ಗುಳಿಗೆಯಿಂದ ಕೆಲವು ಕಾಲ ಮಾಯುವಂತೆ ತೋರುವದುಂಟು. ಆ ತಾಯಿ ನನ್ನನ್ನು ಬೈಯಲಿಲ್ಲ. “ನೀವು ನೋಡೀರಲ್ಲರಿ ಯಪ್ಪಾ, ಆವಾಗ ಇದ್ದಿದ್ದಿಲ್ಲೇನು?” ಎಂದು ಕೇಳಿದಳು, ಅಷ್ಟೇ.

ಮಹಾಶಯರೇ, ನಾನು ಆ ನಳಿಕೆಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆನು. ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ತೆರೆಯಲಿಲ್ಲ. ರೊಟ್ಟಿ ನಿಂತವರು ಬಂದಾಗ ಎಲ್ಲರಂತೆ ಚೀಟಿ ಬರೆದು ದೂರದ ಊರಿಗೆ ಕಳಿಸಿದೆನು. ಹೋದವರೆಷ್ಟು ಹೋಗದವರೆಷ್ಟು ಎಂದು ಕೇಳುವ ಧೈರ್ಯವೂ ಆಗಲಿಲ್ಲ. ನನ್ನ ಅಂಜಿಕೆಯಿಂದ ಯಾರ ಜೀವವು ಉಳಿಯಿತು? ಇದನ್ನು ನಾನು ಈಗ ಕೇಳಬಲ್ಲೆನು, ಆಗ ಕೇಳಿಕೊಳ್ಳಲಾರದಾದೆನು.

ನನ್ನ ಗುರುಗಳಿಗೆ ಯಾರೋ ಸುದ್ದಿ ಮುಟ್ಟಿಸಿದರು. ಅವರು ದೂರವಾಣಿಯಲ್ಲಿ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. “ಶನಿವಾರ ಶನಿವಾರ ಆ ವಾರದ ಎಲ್ಲ ಚಿತ್ರಗಳನ್ನೂ ನನಗೆ ಕಳಿಸು. ಚೆನ್ನಾಗಿ ಬಂದವನ್ನು ಮಾತ್ರ ಅಲ್ಲ, ಎಲ್ಲವನ್ನೂ. ತೆಗೆದ ಚೂರಿನ ಸೀಸೆಯನ್ನು ಬಸ್ಸಿಗೆ ಹಾಕು, ಇಲ್ಲಿ ನಮ್ಮ ಹುಡುಗನು ಇಳಿಸಿಕೊಳ್ಳುವನು” ಎಂದಷ್ಟೇ ಹೇಳಿದರು. ಮರುವಾರವೇ ಪೆಟ್ಟಿಗೆಯನ್ನು ತೆರೆದೆನು. ಮೊದಲ ಶನಿವಾರ ಒಂಬತ್ತು ಜನರ ಚಿತ್ರಗಳು. ಅವುಗಳಲ್ಲಿ ಇಬ್ಬರದಕ್ಕೆ ಅವರ ಉತ್ತರ: “ಜಠರದ ಮೇಲುಭಾಗವನ್ನು ನೀನು ತಿರುಗಿ ನೋಡಿಯೇ ಇಲ್ಲ. ಮತ್ತೆ ಕರೆಸು.” ಕರೆಸಿದೆನು. ಇಬ್ಬರಲ್ಲಿಯೂ ಏನೂ ಇರಲಿಲ್ಲ. ಆದರೆ ಅಂದಿನಿಂದ ಆ ಮೇಲುಭಾಗವನ್ನು ನಾನು ಒಮ್ಮೆಯೂ ನೋಡದೆ ಬಿಟ್ಟಿಲ್ಲ.

ಕಾಣದೆ ಹೋಗುವದು ನನ್ನಂಥವನೊಬ್ಬನ ಪಾಪವೆಂದು ನಾನು ಬಹುಕಾಲ ತಿಳಿದಿದ್ದೆನು. ೨೦೧೪ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕವನ್ನು ಓದಿದಾಗ ಬೆರಗಾದೆನು. ಅನ್ನನಾಳ ಜಠರಗಳ ಕ್ಯಾನ್ಸರು ಕಂಡುಬಂದ ನೂರು ಜನರಲ್ಲಿ ಸುಮಾರು ೧೧ ಜನರು ಅದಕ್ಕೆ ಹಿಂದಿನ ಮೂರು ವರ್ಷಗಳೊಳಗೆ ಎಂಡೋಸ್ಕೋಪಿ ಮಾಡಿಸಿಕೊಂಡವರೇ. ಆಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಲೆಕ್ಕವೆಲ್ಲ ದೊಡ್ಡ ದೇಶಗಳ ದೊಡ್ಡ ದವಾಖಾನೆಗಳದು. ಜಪಾನಿನವರು ಈ ದೋಷಕ್ಕೆ ಒಂದು ಉಪಾಯ ಮಾಡಿರುವರು. ಅಲ್ಲಿ ಜಠರದ ಕ್ಯಾನ್ಸರು ಬಹಳ; ೨೦೧೬ರಿಂದ ಊರಾಡಳಿತಗಳು ೫೦ ವರುಷ ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸುತ್ತಿರುವವು. ನೋಡುವವರಲ್ಲಿ ಓಣಿಯ ಸಣ್ಣ ದವಾಖಾನೆಯ ವೈದ್ಯರೂ ಇರುವರು. ಆದರೆ ಅವರು ತೆಗೆದ ಚಿತ್ರಗಳನ್ನು ಅನುಭವಿಗಳ ಒಂದು ಮಂಡಳಿಯು ಎರಡನೆಯ ಸಾರೆ ನೋಡಿದ ಹೊರತು ಕೆಲಸ ಮುಗಿದಂತಲ್ಲ. ಎರಡನೆಯ ಕಣ್ಣು ಅಪಮಾನವೆಂದು ಅಲ್ಲಿ ಯಾರೂ ತಿಳಿಯುವದಿಲ್ಲ. ಯುರೋಪಿನ ತಜ್ಞರು ಪ್ರತಿಯೊಂದು ಪರೀಕ್ಷೆಯಲ್ಲಿಯೂ ಗೊತ್ತಾದ ಸ್ಥಳಗಳ ಹತ್ತು ಚಿತ್ರಗಳನ್ನಾದರೂ ತೆಗೆದಿಡಬೇಕೆಂದು ಹೇಳುವದೂ ಇದರ ಸಲುವಾಗಿಯೇ. ಚಿತ್ರ ತೆಗೆಯಬೇಕಾದರೆ ಅಲ್ಲಿಗೆ ಹೋಗಲೇಬೇಕಷ್ಟೆ.

ದೂರದ ಗುರುವಿನ ಬೆಂಬಲದಿಂದ ಹಳ್ಳಿಯ ವೈದ್ಯನು ತಜ್ಞನಷ್ಟೇ ಚೆನ್ನಾಗಿ ರೋಗವನ್ನು ವಾಸಿಮಾಡಬಲ್ಲನೇ? ಇದನ್ನು ತೂಗಿ ನೋಡಿದವರು ನಮ್ಮ ದೇಶದಲ್ಲಿ ಹುಟ್ಟಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯಕ್ಕೆ ಸೇರಿದ ಜೀರ್ಣಾಂಗತಜ್ಞ ಸಂಜೀವ ಅರೋರಾ ಅವರು. ಮರುಭೂಮಿಯ ಹಳ್ಳಿಗಳಿಂದ ಹೆಪಟೈಟಿಸ್ ‘ಸಿ’ ಎಂಬ ಯಕೃತ್ತಿನ ರೋಗದವರು ತಿಂಗಳುಗಟ್ಟಲೆ ಕಾದು ಅವರ ಬಳಿಗೆ ಬರುತ್ತಿದ್ದರು. ೨೦೦೩ರಲ್ಲಿ ಅವರು ರೋಗಿಗಳನ್ನು ಕರೆಯುವದನ್ನು ಬಿಟ್ಟು ಹಳ್ಳಿಯ ವೈದ್ಯರನ್ನು ವಾರಕ್ಕೊಮ್ಮೆ ಪರದೆಯ ಮೇಲೆ ಕೂಡಿಸಿದರು; ಒಬ್ಬೊಬ್ಬನು ತನ್ನ ರೋಗಿಯ ಕಥೆಯನ್ನು ಹೇಳುವದು, ಎಲ್ಲರೂ ಕೇಳುವದು, ತಜ್ಞನು ದಾರಿ ತೋರಿಸುವದು. ಎಕೋ ಎಂದು ಅದಕ್ಕೆ ಹೆಸರಿಟ್ಟರು. ೨೦೧೧ರಲ್ಲಿ ಫಲವನ್ನು ಪ್ರಕಟಿಸಿದಾಗ ವಿಶ್ವವಿದ್ಯಾಲಯದ ದವಾಖಾನೆಯಲ್ಲಿ ನೂರಕ್ಕೆ ೫೭.೫ ಜನರಿಗೂ, ಹಳ್ಳಿಗಳ ಮತ್ತು ಸೆರೆಮನೆಗಳ ವೈದ್ಯರ ಕೈಯಲ್ಲಿ ೫೮.೨ ಜನರಿಗೂ ವಾಸಿಯಾಗಿತ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದೇ ರೀತಿಯಿಂದ ಮನೋರೋಗ ಮತ್ತು ವ್ಯಸನಗಳ ಚಿಕಿತ್ಸೆಯನ್ನು ದೂರದೂರದ ವೈದ್ಯರಿಗೆ ಕಲಿಸುತ್ತ ಬಂದಿರುವದು. ಹೃದಯದ ವಿಷಯದಲ್ಲಂತೂ ೨೦೨೩ರಲ್ಲಿ ಪುನೀತ್ ರಾಜಕುಮಾರರ ಹೆಸರಿನ ಹೃದಯ ಜ್ಯೋತಿ ಯೋಜನೆಯು ತಾಲೂಕಿನ ದವಾಖಾನೆಯನ್ನು ಜಯದೇವ ಸಂಸ್ಥೆಗೆ ಜೋಡಿಸಿತು. ಎದೆನೋವಿನವನ ಹೃದಯದ ಬರಹವನ್ನು ತಜ್ಞರು ದೂರದಿಂದಲೇ ಓದುವರು. ಹೆಪ್ಪುಗಟ್ಟಿದ ನೆತ್ತರನ್ನು ಕರಗಿಸುವ ಬೆಲೆಯುಳ್ಳ ಔಷಧವನ್ನು ತಾಲೂಕಿನ ವೈದ್ಯನೇ ಪುಕ್ಕಟೆಯಾಗಿ ಚುಚ್ಚುವನು. ಹೃದಯಕ್ಕೆ ಸಾಧ್ಯವಾದುದು ಹೊಟ್ಟೆಗೆ ಏಕೆ ಸಾಧ್ಯವಾಗಬಾರದು? ಕೊಪ್ಪಳದ ಮಹಾವಿದ್ಯಾಲಯವು ನಡುಗುಂಬವಾಗಿ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಚಕ್ರದ ಅರೆಕಾಲುಗಳಾದರೆ ಸೀಸೆಯನ್ನು ಹುಬ್ಬಳ್ಳಿಯ ಬಸ್ಸಿಗೆ ಹಾಕುವ ಕೆಲಸವೇ ಉಳಿಯುವದಿಲ್ಲ. ವೈದ್ಯಕೀಯ ಮಹಾವಿದ್ಯಾಲಯವಿದ್ದಲ್ಲಿ ಚೂರನ್ನು ನೋಡುವ ರೋಗಶಾಸ್ತ್ರಜ್ಞರು ಇರಲೇಬೇಕು.

ಈಗ ದಾನಿಗಳಾದ ಭಕ್ತರಿಗೆ ಒಂದು ಮಾತು. ಇದನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳುವೆನು. ಒಂದು ಊರಿನ ಒಂದು ದವಾಖಾನೆಗೆ ಪುಣ್ಯಾತ್ಮರೊಬ್ಬರು ತಂದೆಯ ಸ್ಮರಣಾರ್ಥವಾಗಿ ಹೊಸ ನಳಿಕೆಯನ್ನು ಕೊಟ್ಟರು. ಗೋಡೆಗೆ ಕಲ್ಲಿನ ಫಲಕ, ಹಾರ, ಭಾಷಣ ಎಲ್ಲವೂ ಆದವು. ಎಂಟು ತಿಂಗಳಿಗೆ ನಳಿಕೆಯ ಹೊರಚರ್ಮಕ್ಕೆ ಸೂಜಿಯ ಮೊನೆಯಷ್ಟು ತೂತು ಬಿದ್ದು ಒಳಗೆ ನೀರು ಹೊಕ್ಕಿತು. ದುರಸ್ತಿಗೆ ಹಣವಿರಲಿಲ್ಲ. ಫಲಕವು ಈಗಲೂ ಗೋಡೆಯ ಮೇಲಿರುವದು. ಆ ತೂತನ್ನು ಮೊದಲ ದಿನವೇ ಕಂಡುಹಿಡಿಯುವ ಪರೀಕ್ಷೆಯುಂಟು. ನಳಿಕೆಯೊಳಗೆ ಗಾಳಿಯನ್ನೂದಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆಗಳೇಳುವವು, ಸಾಯಕಲ್ಲಿನ ಟ್ಯೂಬಿನ ಪಂಕ್ಚರು ನೋಡಿದಂತೆಯೇ. ಆದರೆ ಅದನ್ನು ಮಾಡುವ ತಂಗಿಯನ್ನು ಯಾರೂ ತರಬೇತಿಗೆ ಕಳಿಸಿರಲಿಲ್ಲ. ಒಬ್ಬ ರೋಗಿಯ ಪರೀಕ್ಷೆಯಾದ ಮೇಲೆ ನಳಿಕೆಯ ಹೊರಗನ್ನು ಒರೆಸಿ, ಒಳಗಿನ ಸಣ್ಣ ಕೊಳವೆಗಳಲ್ಲಿ ಕುಂಚವಾಡಿಸಿ, ಸಾಬೂನಿನ ದ್ರವದಿಂದ ತೊಳೆದು, ಗ್ಲುಟರಾಲ್ಡಿಹೈಡ್ ಎಂಬ ಔಷಧದಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಟ್ಟು, ಮತ್ತೆ ಶುದ್ಧ ನೀರಿನಿಂದ ತೊಳೆದು, ಒಣಗಿಸಿ ತೂಗುಹಾಕಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಒಬ್ಬನ ರೋಗವು ಇನ್ನೊಬ್ಬನಿಗೆ ಅಂಟೀತು. ಒಂದೇ ನಳಿಕೆಯಿದ್ದರೆ ರೋಗಿಗಳ ಸಾಲನ್ನು ಕಂಡು ಆ ಇಪ್ಪತ್ತು ನಿಮಿಷವನ್ನು ಹತ್ತಕ್ಕಿಳಿಸುವ ಆಶೆಯು ಎಂಥವನಿಗೂ ಬರುವದು. ಆದಕಾರಣ ಕೊಡುವವರು ಎರಡು ನಳಿಕೆಗಳನ್ನು ಕೊಡಿರಿ, ಇಲ್ಲವೆ ಒಂದನ್ನು ಕೊಟ್ಟು ಐದು ವರ್ಷಗಳ ದುರಸ್ತಿಯ ಹಣವನ್ನೂ, ತೊಳೆಯುವ ತಂಗಿಯ ಸಂಬಳವನ್ನೂ ಕೊಡಿರಿ. ಫಲಕದ ಮೇಲೆ ಇವನ್ನು ಬರೆಯಲಿಕ್ಕೆ ಬರುವದಿಲ್ಲವೆಂಬದು ನನಗೆ ಗೊತ್ತು.

ಕಲಿಯುವವನಿಗೂ ಕಟ್ಟುಪಾಡು ಬೇಕು. ಜಠರದ ಪರೀಕ್ಷೆಯನ್ನು ಗುರುವಿನ ಕಣ್ಣೆದುರಿನಲ್ಲಿ ಕನಿಷ್ಠ ೧೩೦ ಸಾರೆಯಾದರೂ ಮಾಡಿದ ಮೇಲೆಯೇ ಯೋಗ್ಯತೆಯನ್ನು ಅಳೆಯಬೇಕೆಂದು ಅಮೆರಿಕದವರ ಲೆಕ್ಕ. ಇಂಗ್ಲಂಡಿನವರ ಲೆಕ್ಕವು ಇನ್ನೂ ಹೆಚ್ಚು. ಒಂದು ವಾರದ ಶಿಬಿರದಲ್ಲಿ ಕೊಟ್ಟ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದವನಿಂದ ತಾವು ದೂರವಿರುವದು ಲೇಸು. ತಾಲೂಕಿನ ವೈದ್ಯನು ಏನನ್ನು ಮಾಡತಕ್ಕದ್ದಲ್ಲವೆಂಬದು ಮೊದಲೇ ಬರೆದಿಟ್ಟಿರಬೇಕು. ನೆತ್ತರು ಕಾರುತ್ತಿರುವವನು, ಉಸಿರಿನ ತೊಂದರೆಯವನು, ಎದೆಯ ರೋಗದ ಮುದುಕನು, ಇವರಿಗೆ ಮೊದಲು ರಕ್ತ, ಸಲೈನು, ಆಂಬುಲೆನ್ಸು. ಆಮೇಲೆ ನಳಿಕೆ, ಅದೂ ದೊಡ್ಡ ದವಾಖಾನೆಯಲ್ಲಿ. “ನನಗೆ ಸರಿಯಾಗಿ ಕಾಣಲಿಲ್ಲ” ಎಂದು ಬರೆಯುವ ಸ್ವಾತಂತ್ರ್ಯವೂ ಅವನಿಗಿರಬೇಕು. ಈ ಮೂರು ಶಬ್ದಗಳನ್ನು ವರದಿಯಲ್ಲಿ ಬರೆಯುವದಕ್ಕೆ ನನಗೆ ಆರು ವರ್ಷಗಳು ಬೇಕಾದವು.

ಭಕ್ತಾದಿಗಳ ಕಡೆಯಿಂದಲೂ ಸಹಾಯ ಬೇಕು. ಹುಳಿತೇಗು ಬಂದವರೆಲ್ಲರೂ ಪೈಪು ಹಾಕಿರೆಂದು ಹಟ ಹಿಡಿಯಬಾರದು. ಎಳೆಯ ವಯಸ್ಸಿನವನಿಗೆ ಉಬ್ಬರ, ಎದೆಯುರಿಗಳಷ್ಟೇ ಇದ್ದರೆ ಗುಳಿಗೆಯೂ ಪಥ್ಯವೂ ಸಾಕು. ಜಠರದ ಹುಣ್ಣಿಗೆ ಒಂದು ಸೂಕ್ಷ್ಮಾಣುವೂ ಕಾರಣವೆಂದು ೧೯೮೨ರಲ್ಲಿ ಆಸ್ಟ್ರೇಲಿಯದ ಮಾರ್ಶಲ್ ಮತ್ತು ವಾರೆನ್ ಕಂಡುಹಿಡಿದರು. ನಂಬದವರನ್ನು ನಂಬಿಸಲು ಮಾರ್ಶಲ್ಲನು ೧೯೮೪ರಲ್ಲಿ ಆ ಸೂಕ್ಷ್ಮಾಣುಗಳನ್ನು ತಾನೇ ಕುಡಿದನು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಆ ಸೂಕ್ಷ್ಮಾಣುವನ್ನು ಮಲದ ಪರೀಕ್ಷೆಯಿಂದಲೂ ತಿಳಿಯಬಹುದು, ಎರಡು ವಾರಗಳ ಔಷಧದಿಂದ ತೆಗೆಯಬಹುದು. ಆದರೆ ನುಂಗುವಾಗ ತೊಡಕು, ತೂಕ ಇಳಿಯುವದು, ನೆತ್ತರು ಕಾರುವದು, ಕರಿಮಲ, ಕಾರಣ ತಿಳಿಯದ ರಕ್ತಹೀನತೆ, ನಿಲ್ಲದ ವಾಂತಿ, ಇವುಗಳಲ್ಲಿ ಒಂದಿದ್ದರೂ ಸುಗ್ಗಿಯನ್ನು ಕಾಯಬೇಡಿರಿ, ಜಾತ್ರೆಯನ್ನೂ ಕಾಯಬೇಡಿರಿ. ಬರುವಾಗ ಬರಿ ಹೊಟ್ಟೆಯಲ್ಲಿ ಬನ್ನಿರಿ. “ಬರೀ ಚಹಾ ಕುಡದೇನ್ರಿ” ಎಂಬ ಮಾತನ್ನು ನಾನು ಇಷ್ಟು ವರ್ಷಗಳಲ್ಲಿ ಕೇಳಿದಷ್ಟ್ಟು ಮತ್ತಾವ ಮಾತನ್ನೂ ಕೇಳಿಲ್ಲ.

ನಳಿಕೆಯಿಂದ ಅನ್ನನಾಳಕ್ಕೆ ತೂತು ಬೀಳುವ ಅಪಾಯವು ಸಾವಿರಾರು ಪರೀಕ್ಷೆಗಳಲ್ಲಿ ಒಂದು. ಒಂದೆಂದರೆ ಸೊನ್ನೆಯಲ್ಲ. ಅದು ಸಂಭವಿಸಿದ ದಿನ ದವಾಖಾನೆಯ ಗಾಜುಗಳು ಒಡೆಯುವವು. ೨೦೦೯ರಲ್ಲಿ ಕರ್ನಾಟಕ ಸರಕಾರವು ವೈದ್ಯರ ಮೇಲಿನ ಹಲ್ಲೆಗೆ ಶಿಕ್ಷೆ ವಿಧಿಸುವ ಕಾನೂನನ್ನು ಮಾಡಿರುವದು ನಿಜ. ಆದರೆ ಗಾಜು ಒಡೆಯುವ ಜನಜಂಗುಳಿಯ ಮುಂದೆ ಕಾನೂನಿನ ಪುಸ್ತಕವನ್ನು ಹಿಡಿದು ನಿಂತವನನ್ನು ನಾನು ಕಂಡಿಲ್ಲ. ಊರಿನ ಹಿರಿಯರು ಇಬ್ಬರು ಮುಂದೆ ಬಂದು ನಿಂತುದನ್ನು ಕಂಡಿರುವೆನು. ಕೂಡಲೇ ಆಂಬುಲೆನ್ಸು ತರಿಸಿ ರೋಗಿಯನ್ನು ಸಾಗಿಸಿದ್ದರಿಂದ ಆ ರೋಗಿಯು ಬದುಕಿದನು. ಗಾಜು ಒಡೆದ ಊರಿಗೆ ಮರುವರ್ಷ ನಳಿಕೆ ಹಿಡಿಯುವ ವೈದ್ಯನು ಬರುವದಿಲ್ಲ. ತಪ್ಪನ್ನು ಕೇಳಬೇಡಿರೆಂದು ನಾನು ಹೇಳುತ್ತಿಲ್ಲ; ನನ್ನನ್ನು ಕೇಳಿದ ಆ ತಾಯಿಯಂತೆ ಕೇಳಿರಿ. ಅವಳ ಪ್ರಶ್ನೆಗೆ ನಾನು ಅಂದು ಉತ್ತರ ಕೊಡಲಿಲ್ಲ. “ಇತ್ತಮ್ಮಾ, ನಾನು ಚೂರು ತೆಗೆದು ನೋಡಬೇಕಾಗಿತ್ತು, ನೋಡಲಿಲ್ಲ” ಎಂದು ಎರಡು ವರ್ಷಗಳ ಮೇಲೆ ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದೆನು. ಅವಳು ಒಳಗೆ ಹೋಗಿ ನೀರು ತಂದುಕೊಟ್ಟಳು.

ಇನ್ನು ಶ್ರೀಗಳವರ ಸನ್ನಿಧಿಯಲ್ಲಿ ಒಂದು ಬಿನ್ನಹ. ಶ್ರೀಮಠದ ಪ್ರಸಾದನಿಲಯದ ಮೇಲ್ಮಾಳಿಗೆಯಲ್ಲಿ ಒಂದು ಕೋಣೆಯು ಬರಿದಾಗಿರುವದನ್ನು ಕಂಡೆನು. ಶನಿವಾರ ಸಂಜೆ ಎರಡು ತಾಸು ಆ ಕೋಣೆಯು, ಒಂದು ದೊಡ್ಡ ಪರದೆಯು, ಕಡಿಯದ ಇಂಟರ್‌ನೆಟ್ಟು, ಇಷ್ಟು ಸಿಕ್ಕರೆ ನಾಲ್ಕೂ ತಾಲೂಕುಗಳಿಂದ ಈ ಕೆಲಸ ಮಾಡುವ, ಮಾಡಲಿಚ್ಛಿಸುವ ವೈದ್ಯರು ತಮ್ಮ ವಾರದ ಚಿತ್ರಗಳನ್ನು ತಂದು ಹಿರಿಯರ ಮುಂದಿಡುವರು. ಈಗ ಕುಕನೂರು, ಕನಕಗಿರಿ, ಕಾರಟಗಿಗಳೂ ತಾಲೂಕುಗಳಾಗಿರುವದರಿಂದ ಅಲ್ಲಿಯವರೂ ಬರಬಹುದು. ನನ್ನ ಗುರುಗಳಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮೊದಲಿನಂತಿಲ್ಲ. ಆದರೂ ಪರದೆ ದೊಡ್ಡದಿದ್ದರೆ ತಾವೂ ಕೂಡುವೆನೆಂದು ಹೇಳಿ ಕಳಿಸಿರುವರು. ಪ್ರಸಾದವಾದ ಮೇಲೆ ನಾನು ದಾಸೋಹದ ಮನೆಯ ಕಟ್ಟೆಯ ಬಳಿಯಲ್ಲಿಯೇ ಇರುವೆನು. ರೊಟ್ಟಿ ನಿಲ್ಲುವವರು ತಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಅಲ್ಲಿಗೆ ಬಂದು ಹೇಳಬಹುದು.